ಹನ್ನೊಂದು ಅಡಿ ಭೂಗೋಳ

ಆ ಶನಿವಾರ ಸಂಜೆ ಜವಾನ ಹುಸೇನಸಾಬ ಟೇಪು ಬಿಚ್ಚಿ ಅಳೆದಾಗ ನನ್ನ ತರಗತಿಯ ಕೊನೆಯ ಬೆಂಚಿಗೂ ಕಾಲೇಜಿನ ಗೇಟಿಗೂ ನಡುವೆ ಹನ್ನೊಂದೇ ಅಡಿ ಉಳಿದಿತ್ತು. ಜೂನ್ ತಿಂಗಳಲ್ಲಿ ಅದು ತೊಂಬತ್ತು ಅಡಿ ಇತ್ತು. ಹುಸೇನಸಾಬ ಒಳ್ಳೆಯ ಮನುಷ್ಯ, ಇಂಥ ಸುದ್ದಿಯನ್ನು ಜೋರಾಗಿ ಹೇಳುವವನಲ್ಲ. ಹತ್ತಿರ ಬಂದು, "ಹನ್ನೊಂದ್ರಿ ಸರ," ಎಂದು ಪಿಸುಗುಟ್ಟಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ನನ್ನ ಮುಖ ನೋಡದೆ ಟೇಪು ಸುತ್ತುತ್ತ ಹೋದ. ನಾನು ಗೇಟಿನ ಸರಳು ಹಿಡಿದು ಸ್ವಲ್ಪ ಹೊತ್ತು ನಿಂತೆ. ಗೇಟಿನಾಚೆ ಮಿರ್ಚಿ ಕರಿಯುತ್ತಿದ್ದ ಗೌರವ್ವ ನನ್ನನ್ನು ನೋಡಿ, ಇನ್ನೊಂದಿಷ್ಟು ಹಿಂದಕ್ಕೆ ಬಂದರೆ ನಿಮ್ಮ ಹುಡುಗರು ಕೂತಲ್ಲಿಂದಲೇ ಕೈಚಾಚಿ ಮಿರ್ಚಿ ತೆಗೆದುಕೊಳ್ಳಬಹುದು ಎಂದು ಸಮಾಧಾನ ಹೇಳಿದಳು.

ನಮ್ಮೂರಿನ ಬೆಂಚುಗಳೇ ಹಾಗೆ. ಎದುರಿಗೆ ನಿಂತವರು ಹೇಳುವುದು ಕೂತವರ ತಲೆಗೆ ಹೋಗದಿದ್ದರೆ ಬೆಂಚು ಹಿಂದಕ್ಕೆ ಸರಿಯುತ್ತದೆ. ಒಮ್ಮೆಲೇ ಅಲ್ಲ, ಮರ್ಯಾದೆಯಿಂದ, ಬೆರಳಷ್ಟು ಬೆರಳಷ್ಟೇ. ಯಾಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕಾಲೇಜಿನ ಯಾವ ತರಗತಿಗೂ ಹಿಂಗೋಡೆ ಕಟ್ಟಿಲ್ಲ. ವಿದ್ಯಾರ್ಥಿಗಳು ಪೆನ್ನಿನ ಜೊತೆಗೆ ಕೊಡೆಯನ್ನೂ ತರುತ್ತಾರೆ. ಬೆಂಚು ಅಲುಗಿದ ಕೂಡಲೇ ಬರೆಯುವುದನ್ನು ನಿಲ್ಲಿಸದೆ ಎರಡೂ ಕಾಲು ನೆಲದಿಂದ ಎತ್ತಿ ಹಿಡಿಯುತ್ತಾರೆ. ಇದನ್ನು ಮಕ್ಕಳು ಒಂದನೆಯ ಇಯತ್ತೆಯಲ್ಲಿ ಅಕ್ಷರದ ಜೊತೆಗೇ ಕಲಿಯುತ್ತಾರೆ. ಪುರಸಭೆಯ ಹಿರಿಯರು ಬುದ್ಧಿವಂತರು, ತಮ್ಮ ಸಭಾಂಗಣಕ್ಕೆ ಮೊದಲೇ ಕಲ್ಲಿನ ಆಸನ ಹಾಕಿಸಿಕೊಂಡಿದ್ದಾರೆ. ಮನೆಯಲ್ಲಿ ಬೆಂಚು ಇಟ್ಟುಕೊಂಡವರಂತೂ ಊರಿನಲ್ಲೇ ಇಲ್ಲ. ಗಂಡ ಹೆಂಡಿರು ಬಾಳಬೇಕಾದ ಜಾಗದಲ್ಲಿ ಅಂಥದ್ದೆಲ್ಲ ಬೇಡ.

ಕಾಲೇಜಿನಲ್ಲಿ ಮೇಲಿನ ಅಂತಸ್ತಿನ ಕೋಣೆ ಸಿಗುವುದೇ ದೊಡ್ಡ ಬಿರುದು. ಅಲ್ಲಿಂದ ಬೆಂಚು ಹಿಂದೆ ಸರಿದರೆ ಕೆಳಗೆ ಬೀಳುವುದೇ, ಹೀಗಾಗಿ ಅದನ್ನು ಗಟ್ಟಿಗರಿಗೆ ಮಾತ್ರ ಕೊಡುತ್ತಾರೆ. ಸದ್ಯಕ್ಕೆ ರಸಾಯನಶಾಸ್ತ್ರದ ಜಕ್ಕಲಿ ಮೇಡಂ ಒಬ್ಬರೇ ಅಲ್ಲಿದ್ದಾರೆ. ವಾರಕ್ಕೊಮ್ಮೆ ಏನನ್ನಾದರೂ ಢಂ ಎನ್ನಿಸುವುದರಿಂದ ಅವರ ಬೆಂಚುಗಳು ಮೇಜಿಗೆ ಅಂಟಿಕೊಂಡೇ ಇರುತ್ತವೆ. ಉಳಿದ ನಾವೆಲ್ಲ ಕೆಳಗೆ. ಕೆಳಗಿನವರಿಗೆ ಇರುವ ನಿಯಮ ಒಂದೇ: ಯಾವ ವಿಷಯದ ಕೊನೆಯ ಬೆಂಚು ಗೇಟು ದಾಟುತ್ತದೋ ಆ ವಿಷಯ ಅಂದಿನಿಂದ ಕಾಲೇಜಿನದ್ದಲ್ಲ. ನಾನು ಬಂದ ಆರನೆಯ ವರ್ಷ ತರ್ಕಶಾಸ್ತ್ರ ಹೀಗೇ ಹೋಯಿತು. ಅದರ ಬೆಂಚುಗಳು ಈಗ ಬಸ್ ಸ್ಟ್ಯಾಂಡಿನಲ್ಲಿವೆ. ಅವುಗಳ ಮೇಲೆ ಕೂತ ಪ್ರಯಾಣಿಕರು ಬಸ್ಸು ಬರುತ್ತದೆಯೋ ಇಲ್ಲವೋ ಎಂದು ಒಳ್ಳೆಯ ವಾದ ಹೂಡುತ್ತಾರೆ. ತರ್ಕಶಾಸ್ತ್ರದ ಗಿಡ್ನವರ ಸರ ಮಾತ್ರ ಗ್ರಂಥಾಲಯದ ಮೂಲೆಯಲ್ಲಿ ಕೂತು ಪುಸ್ತಕಗಳಿಗೆ ಠಸ್ಸೆ ಹೊಡೆಯುತ್ತಾರೆ. ಹನ್ನೊಂದು ಅಡಿಯ ಸುದ್ದಿ ತಿಳಿದ ಸೋಮವಾರ ಅವರು ನನ್ನನ್ನು ಕಂಡು ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಧೂಳನ್ನು ಕೈಯಿಂದ ಒರೆಸಿದರು.

ನನ್ನ ಹೆಸರು ಗುರುಸಿದ್ಧಪ್ಪ ತಂಬೂರಿ. ವಿದ್ಯಾರ್ಥಿಗಳು ನನಗೆ ಬೇರೆ ಅಡ್ಡಹೆಸರು ಇಡಬೇಕಾದ ಪ್ರಸಂಗವೇ ಬರಲಿಲ್ಲ, ಮನೆತನದ ಹೆಸರೇ ಸಾಕಾಯಿತು. ನಾನು ಓದಿದ್ದು ಬೇರೆ ಊರಿನಲ್ಲಿ. ಅಲ್ಲಿ ಬೆಂಚುಗಳು ಇಟ್ಟಲ್ಲೇ ಇರುತ್ತಿದ್ದವು. ಇಪ್ಪತ್ತೆರಡು ವರ್ಷದ ಹಿಂದೆ ಕೆಲಸಕ್ಕೆಂದು ಇಲ್ಲಿಗೆ ಬಂದ ದಿನದಿಂದ ನಾನು ಬೆಂಚುಗಳ ಎದುರಿಗೆ ನಿಂತವನೇ ಹೊರತು ಅವುಗಳ ಮೇಲೆ ಕೂತವನಲ್ಲ. ಬರುವಾಗ ಒಂದು ನೋಟ್ಸಿನ ವಹಿ ತಂದಿದ್ದೆ. ಅದರ ಹಾಳೆಗಳು ಹಳದಿಯಾದವು, ಅಂಚು ಉದುರಿದವು, ಒಳಗಿನ ನೈಲ್ ನದಿ ಮಾತ್ರ ಹಾಗೇ ಹರಿಯುತ್ತಿತ್ತು. ಪುಟ ತೆಗೆದು ಓದುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಪಾಠ ಮುಗಿದ ಮೇಲೆ ನಾನು "ತಿಳೀತೇನು?" ಎನ್ನುತ್ತಿದ್ದೆ. ಅವರು ಒಂದೇ ಕೊರಳಿನಲ್ಲಿ "ತಿಳೀತ್ರಿ ಸರ" ಎನ್ನುತ್ತಿದ್ದರು. ಆಗ ಬೆಂಚುಗಳು ಗರ್ ಎಂದು ಇನ್ನಷ್ಟು ಹಿಂದೆ ಸರಿಯುತ್ತಿದ್ದವು. ಅದನ್ನು ಕಂಡೂ ಕಾಣದಂತೆ ನಾವು ಪರಸ್ಪರ ನಮಸ್ಕಾರ ಹೇಳಿ ಹೋಗುತ್ತಿದ್ದೆವು.

ಹಾಗೆಂದು ಭೂಗೋಳದ ಮೇಲೆ ನನಗೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬೇಡಿ. ಏಳನೆಯ ಇಯತ್ತೆಯಲ್ಲಿ ಮೊದಲ ಸಲ ಅಟ್ಲಾಸು ಬಿಚ್ಚಿದ ದಿನ ನಾನು ಊಟ ಬಿಟ್ಟಿದ್ದೆ. ಆ ನೀಲಿ, ಆ ಕಂದು, ಕೂದಲೆಳೆಯಂಥ ಆ ನದಿಗಳು. ಜೀವನದಲ್ಲಿ ನಾನು ಆಸೆಪಟ್ಟು ಮಾಡಿದ್ದು ಇದೊಂದೇ. ಆ ಆಸೆ ನನ್ನ ಬಾಯಿಂದ ಹೊರಟು ಮೊದಲ ಬೆಂಚು ಮುಟ್ಟುವಷ್ಟರಲ್ಲಿ ಹೇಗೆ ತಂಬೂರಿಯ ಶ್ರುತಿಯಾಗುತ್ತಿತ್ತೋ ನನಗೆ ತಿಳಿಯದು. ಮೂರನೆಯ ವರ್ಷ ಬಡಿಗನನ್ನು ಕರೆಸಿ ಬೆಂಚುಗಳ ಕಾಲಿಗೆ ಮೊಳೆ ಹೊಡೆಸಿ ನೋಡಿದ್ದೆ. ಬೆಂಚುಗಳು ನಿಂತವು, ಆದರೆ ಕರಿಹಲಗೆಯ ಸಮೇತ ನನ್ನ ಮರದ ವೇದಿಕೆ ಹೊರಟಿತು. ಒಂದೇ ಪೀರಿಯಡ್ಡಿನಲ್ಲಿ ಮುಂಗೋಡೆ ಒಡೆದು ಆಚೆ ಹೋಗಿ, ಪಕ್ಕದ ಕೋಣೆಯಲ್ಲಿ ರುಜು ಹಾಕುತ್ತಿದ್ದ ಆಗಿನ ಪ್ರಿನ್ಸಿಪಾಲರಿಗೆ ನಾನು ನೈಲ್ ನದಿಯ ಮುಖಜಭೂಮಿಯನ್ನು ವಿವರಿಸುತ್ತಿದ್ದೆ. ಮರುದಿನವೇ ಮೊಳೆ ಕಿತ್ತೆವು.

ಹನ್ನೊಂದು ಅಡಿಯ ಆ ವಾರವೇ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಉನ್ನತ ಶಿಕ್ಷಣದಲ್ಲಿ ಬೋಧನಾ ಕ್ರಮವನ್ನು ನವೀಕರಿಸಬೇಕು, ಇನ್ನು ಮುಂದೆ ಕಲಿಕೆಯು ಕಡ್ಡಾಯವಾಗಿ ವಿದ್ಯಾರ್ಥಿ ಕೇಂದ್ರಿತವಾಗಿರತಕ್ಕದ್ದು, ಮೂರು ವಾರದ ನಂತರ ಸಮಿತಿಯೊಂದು ಬಂದು ಪರಿಶೀಲಿಸುತ್ತದೆ ಎಂದು ಅದರಲ್ಲಿತ್ತು. ನಮ್ಮ ಪ್ರಿನ್ಸಿಪಾಲ ಮಹಾರುದ್ರಯ್ಯನವರು ಗಣಿತದವರು, ಅದರಲ್ಲೂ ರೇಖಾಗಣಿತದವರು. ಅವರು ಸುತ್ತೋಲೆಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಸ್ಟಾಫ್ ರೂಮಿನಲ್ಲಿ ನಮ್ಮೆಲ್ಲರ ಮುಂದೆ ತೀರ್ಪು ಕೊಟ್ಟರು.

"ಕೇಂದ್ರ ಅಂದ್ರ ಕೇಂದ್ರ. ಇದರಾಗ ಎರಡನೇ ಮಾತು ಇಲ್ಲ. ಕರ್ಣರೇಖಾ ಎಲ್ಲಿ ಕೂಡತಾವೋ ಅಲ್ಲಿ ವಿದ್ಯಾರ್ಥಿ ನಿಂತಿರಬೇಕು."

ಎರಡು ದಿನ ಅವರು ಹುಸೇನಸಾಬನನ್ನು ಕಟ್ಟಿಕೊಂಡು, ಹಗ್ಗ ಮತ್ತು ಸುಣ್ಣದ ಪುಡಿಯ ಡಬ್ಬಿ ಹಿಡಿದು, ಪ್ರತಿಯೊಂದು ತರಗತಿಯ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅವು ಕೂಡಿದಲ್ಲಿ ಬಿಳಿಯ ವೃತ್ತ ಬರೆದರು. ಆಮೇಲೆ ಶುರುವಾಯಿತು ನಮ್ಮ ನವೀನ ಬೋಧನೆ. ಅರ್ಥಶಾಸ್ತ್ರದವರು ಒಬ್ಬ ಹುಡುಗನನ್ನು ವೃತ್ತದಲ್ಲಿ ನಿಲ್ಲಿಸಿ, ಅವನ ಮುಖ ನೋಡಿಕೊಂಡೇ ಒಂದು ತಾಸು ಹಣದುಬ್ಬರ ಹೇಳಿದರು. ಅವನಿಗೆ ತಲೆ ತಿರುಗಿ ನೀರು ಚಿಮುಕಿಸಬೇಕಾಯಿತು. ಇತಿಹಾಸದ ಕಟಗಿ ಸರ ಕೇಂದ್ರದ ವಿದ್ಯಾರ್ಥಿಗೆ ಶಾಲು ಹೊದಿಸಿ ಮಾಲೆ ಹಾಕಿ, ನಂತರ ಎಂದಿನಂತೆ ಗೋಡೆ ನೋಡುತ್ತ ಪಾಠ ಮಾಡಿದರು. ಪ್ರಾಣಿಶಾಸ್ತ್ರದವರಿಗೆ ಆ ಜಾಗದಲ್ಲಿ ಮೊದಲೇ ಒಂದು ಅಸ್ಥಿಪಂಜರ ನಿಂತಿತ್ತು. ಅದನ್ನು ತೆಗೆದು ಒಬ್ಬ ಹುಡುಗನನ್ನು ನಿಲ್ಲಿಸಿದರು. ಎರಡು ದಿನ ವ್ಯತ್ಯಾಸ ಯಾರ ಗಮನಕ್ಕೂ ಬರಲಿಲ್ಲವಂತೆ.

ನನ್ನ ತರಗತಿಯದು ಮಾತ್ರ ಫಜೀತಿ. ಕರಿಹಲಗೆಯಿಂದ ಕೊನೆಯ ಬೆಂಚಿನವರೆಗೆ ಹಗ್ಗ ಹಿಡಿದರೆ ನೂರಾ ಇಪ್ಪತ್ತು ಅಡಿ. ಕೇಂದ್ರ ಹೋಗಿ ಬಿದ್ದದ್ದು ಕೋಣೆಯ ಹೊರಗೆ, ಬೇವಿನ ಮರ ದಾಟಿ, ಕೈಪಂಪಿನ ಪಕ್ಕದಲ್ಲಿ. ಪ್ರಿನ್ಸಿಪಾಲರು ಅಲ್ಲಿಯೇ ನೆಟ್ಟಗೆ ಸುಣ್ಣ ಹಾಕಿದರು. ಹೇಗೂ ನನ್ನ ಧ್ವನಿ ಮೂರನೆಯ ಬೆಂಚು ದಾಟುವುದಿಲ್ಲ, ಆ ವೃತ್ತದಲ್ಲಿ ನಿಂತವರು ನನ್ನ ಮಾತನ್ನು ಹಿಂದಿನವರಿಗೆ ಒದರಿ ಹೇಳಲಿ, ಒಂದೇ ಏಟಿಗೆ ಎರಡು ಕೆಲಸ ಎಂದರು. ದೊಡ್ಡ ಗಂಟಲಿನವರು ಯಾರಿದ್ದೀರಿ ಎಂದು ಕೇಳಿದ್ದಕ್ಕೆ ಇಡೀ ತರಗತಿ ಏಳನೆಯ ಬೆಂಚಿನತ್ತ ಕೈತೋರಿಸಿತು. ಅಲ್ಲಿ ಕೂತಿದ್ದವಳು ಹಿಟ್ಟಿನ ಗಿರಣಿಯ ಫಕೀರವ್ವ. ಹುಟ್ಟಿದಾಗಿನಿಂದ ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆದವಳು. ಮೆಲ್ಲಗೆ ಮಾತಾಡುವುದು ಅವಳ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಬಂದು ವೃತ್ತದಲ್ಲಿ ನಿಂತಳು.

ಮೊದಲ ದಿನ ಮಳೆ ನೆರಳಿನ ಪ್ರದೇಶದ ಪಾಠ. ನಾನು ವಹಿ ತೆಗೆದು ಓದಿದೆ: ಆರ್ದ್ರತೆಯಿಂದ ಕೂಡಿದ ಮಾರುತಗಳು ಪರ್ವತಶ್ರೇಣಿಯಿಂದ ತಡೆಯಲ್ಪಟ್ಟು ಊರ್ಧ್ವಮುಖವಾಗಿ ಚಲಿಸಿ ಸಾಂದ್ರೀಕರಣ ಹೊಂದಿ ಮಾರುತಾಭಿಮುಖ ಇಳಿಜಾರಿನಲ್ಲಿ ವೃಷ್ಟಿಯನ್ನುಂಟುಮಾಡುತ್ತವೆ. ಓದಿ, ಫಕೀರವ್ವ ಒದರಲಿ ಎಂದು ಕಾದೆ. ಅವಳು ಸುಮ್ಮನಿದ್ದಳು. ಒದರು ಎಂದು ಕೈಸನ್ನೆ ಮಾಡಿದೆ. ಆಗ ಅವಳು ಕೈಪಂಪಿನ ಬಳಿಯಿಂದ, ಇಡೀ ಕಾಲೇಜಿಗೆ ಕೇಳುವಂತೆ, ಸಹಜವಾಗಿ ಹೇಳಿದಳು:

"ಸರ, ನನಗ ತಿಳೀಲಾರದ್ದು ನಾ ಹೆಂಗ ಒದರ್ಲಿ?"

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ತರಗತಿಯಲ್ಲಿ ತಿಳಿಯಲಿಲ್ಲ ಎಂದವರು ಯಾರೂ ಇರಲಿಲ್ಲ. ಅಕ್ಕಪಕ್ಕದ ಕೋಣೆಗಳಲ್ಲಿ ಪಾಠ ನಿಂತು ಹಣದುಬ್ಬರದವರೂ ಇತಿಹಾಸದವರೂ ಇಣುಕಿ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ವಹಿ ಹಿಡಿದುಕೊಂಡೇ ಕೈಪಂಪಿನವರೆಗೆ ನಡೆದು ಹೋಗಿ, ಸಿಟ್ಟಿನಿಂದಲೇ, ಗಾಳಿ ಸಮುದ್ರದ ಕಡೆಯಿಂದ ನೀರಿನಂಶ ಹೊತ್ತು ಬರುವುದನ್ನೂ, ಗುಡ್ಡ ಅಡ್ಡ ಬಂದಾಗ ಮೇಲೇರುವುದನ್ನೂ, ಮೇಲೆ ತಣ್ಣಗಾಗಿ ಮಳೆಯಾಗುವುದನ್ನೂ ಅವಳಿಗೊಬ್ಬಳಿಗೇ ಹೇಳಿದೆ. ಅವಳು ನಾಲ್ಕು ಪ್ರಶ್ನೆ ಕೇಳಿದಳು. ನಾಲ್ಕಕ್ಕೂ ವಹಿಯಲ್ಲಿ ಉತ್ತರ ಇರಲಿಲ್ಲ, ನಾನೇ ಯೋಚಿಸಿ ಹೇಳಬೇಕಾಯಿತು. ಕೊನೆಗೆ ಅವಳು ಹಿಂದಕ್ಕೂ ಮುಂದಕ್ಕೂ ಒಮ್ಮೆ ನೋಡಿ, ಒದರಿದಳು.

"ಕೇಳ್ರೆಪ್ಪಾ. ಗಾಳಿ ಅಂದ್ರ ತಲೀ ಮ್ಯಾಲ ಹೊರೆ ಹೊತ್ತಾಕಿ. ಗುಡ್ಡಾ ಏರೂ ಮುಂದ ಆಕಿಗೆ ಭಾರ ಆಗತೈತಿ. ಈ ಕಡೆನ ಹೊರೆ ಇಳಸತಾಳು. ಆ ಕಡೆ ಇಳಿಯೂ ಮುಂದ ಬರಿಗೈಲೆ ಇಳೀತಾಳು. ಆ ಕಡೆ ಕುಂತ ಮಂದಿಗೆ ಬರೇ ಗಾಳಿ ಸಿಗತೈತಿ, ಮಳಿ ಸಿಗಂಗಿಲ್ಲ. ಅದಕ್ಕ ಮಳಿ ನೆರಳು ಅಂತಾರ."

ಬೆಂಚುಗಳು ಗರಗರ ಎಂದವು. ನಾನು ಕಣ್ಣು ಮುಚ್ಚಿಕೊಂಡೆ, ಹನ್ನೊಂದು ಅಡಿ ಮುಗಿದೇ ಹೋಯಿತು ಎಂದುಕೊಂಡೆ. ಕಣ್ಣು ಬಿಟ್ಟರೆ ಗೇಟಿನ ಬಳಿಯ ಬೆಂಚುಗಳು ಕೈಪಂಪಿನತ್ತ ಬರುತ್ತಿದ್ದವು. ಕೂತವರು ಕಾಲು ಎತ್ತಿಕೊಂಡು ನಗುತ್ತಿದ್ದರು. ಸಂತೋಷದಿಂದ ತಿರುಗಿ ನೋಡಿದೆ. ಮುಂದಿನ ಬೆಂಚುಗಳೂ ಹೊರಟಿದ್ದವು, ಅವೂ ಕೈಪಂಪಿನ ಕಡೆಗೇ, ನನ್ನ ವೇದಿಕೆಗೆ ಬೆನ್ನು ಹಾಕಿ. ಆ ಸಂಜೆ ಹುಸೇನಸಾಬ ಅಳೆದು, ಗೇಟಿನಿಂದ ಹದಿನೈದು ಅಡಿಯಾಗಿದೆ ಎಂದು ಜೋರಾಗಿ ಸಾರಿದ. ಮುಂದಿನ ಬೆಂಚು ನನ್ನಿಂದ ಆರು ಅಡಿ ದೂರ ಹೋದದ್ದನ್ನು ಮಾತ್ರ ಮೊದಲಿನಂತೆ ಪಿಸುಗುಟ್ಟಿದ.

ಎರಡು ವಾರ ಹೀಗೇ ನಡೆಯಿತು. ನಾನು ವೇದಿಕೆಯಲ್ಲಿ ಓದುವುದು, ಫಕೀರವ್ವ ತಿಳೀಲಿಲ್ಲ ಎನ್ನುವುದು, ನಾನು ಇಳಿದು ಹೋಗಿ ಹೇಳುವುದು, ಅವಳು ಒದರುವುದು. ಕೊನೆಯ ಬೆಂಚು ಗೇಟಿನಿಂದ ಇಪ್ಪತ್ತೈದು ಅಡಿಗೆ ಬಂತು. ಗೌರವ್ವನಿಗೆ ಗಿರಾಕಿ ದೂರವಾದ ಬೇಸರ. ಸ್ಟಾಫ್ ರೂಮಿನಲ್ಲಿ ನನಗೆ ಅಭಿನಂದನೆ. ಆದರೆ ಸತ್ಯ ಹೇಳಬೇಕೆಂದರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಅಟ್ಲಾಸಿಗಾಗಿ ಊಟ ಬಿಟ್ಟವನು ನಾನು, ಬೆಂಚು ಓಡಿ ಹೋಗುವುದು ಗಿರಣಿಯ ಹುಡುಗಿಯ ಹತ್ತಿರ. ಮನೆಯಲ್ಲಿ ಹೆಂಡತಿ ಅನಸೂಯಾಳ ಮುಂದೆ ಹೇಳಿಕೊಂಡೆ. ಅವಳು ಜೋಳ ಹಸನು ಮಾಡುತ್ತ, ಭೂಗೋಳ ಉಳಿದದ್ದಕ್ಕೆ ದುಃಖವೋ ನೀವು ಉಳಿಸಲಿಲ್ಲ ಎಂದು ದುಃಖವೋ, ಮೊದಲು ಅದನ್ನು ನಿರ್ಧಾರ ಮಾಡಿಕೊಳ್ಳಿ ಎಂದಳು. ಮನೆಯಲ್ಲಿ ಬೆಂಚು ಇರಲಿಲ್ಲವಾದ್ದರಿಂದ ನಾನೇ ಎದ್ದು ಹಿಂದೆ ಸರಿದೆ.

ಸಮಿತಿ ಬರುವ ಹಿಂದಿನ ದಿನ ಫಕೀರವ್ವ ಇನ್ನೊಂದು ಪ್ರಶ್ನೆ ಕೇಳಿದಳು. ಹೊರೆ ಹೊತ್ತವಳು ಗುಡ್ಡದ ಒಂದು ಕಡೆ ಮಾತ್ರ ಹೊರೆ ಇಳಿಸುತ್ತಾಳೆ ಎನ್ನುವುದಾದರೆ ನಮ್ಮೂರು ಗುಡ್ಡದ ಯಾವ ಕಡೆಗಿದೆ, ಹೊರೆ ಇಳಿಸುವ ಕಡೆಗೋ ಬರಿಗೈಯ ಕಡೆಗೋ ಎಂದು. ಗುಡ್ಡ ನಮ್ಮೂರಿನ ಎರಡೂ ಬದಿಗೆ ಬಳಸಿಕೊಂಡಿದೆ, ನೋಡಿದ ಕೂಡಲೇ ಹೇಳುವಂತಿಲ್ಲ. ನಕಾಶೆ ನೋಡೋಣವೆಂದರೆ ನಮ್ಮೂರು ಯಾವ ನಕಾಶೆಯಲ್ಲಿಯೂ ಇಲ್ಲ. ಬಂದ ಹೊಸದರಲ್ಲಿ ನಾನು ಹುಡುಕಿದ್ದೆ, ಸಿಗಲಿಲ್ಲ, ಬಿಟ್ಟುಬಿಟ್ಟೆ. ಬೇರೆ ಊರುಗಳ ನದಿಗಳನ್ನು ಹೇಳಿಕೊಂಡೇ ಇಪ್ಪತ್ತೆರಡು ವರ್ಷ ಕಳೆದಿದ್ದೆ. ನಾನು ಎಲ್ಲ ಮೇಷ್ಟ್ರುಗಳೂ ಹೇಳುವುದನ್ನೇ ಹೇಳಿದೆ, ಅದು ಸಿಲಬಸ್ಸಿನಲ್ಲಿ ಇಲ್ಲ ಎಂದೆ. ಎಲ್ಲ ಬೆಂಚುಗಳೂ ಒಂದು ಅಡಿ ಹಿಂದೆ ಹೋದವು. ಅವಳ ಮುಖ ಸಣ್ಣದಾಯಿತು. ನಾನು ಅದನ್ನೂ ಕಾಣದಂತೆ ಮಾಡಿದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾಳೆ ಸಮಿತಿಯ ಮುಂದೆ ನಾನೇ ಪಾಠ ಮಾಡುತ್ತೇನೆ, ನೀನು ವೃತ್ತದಲ್ಲಿ ಸುಮ್ಮನೆ ನಿಂತಿದ್ದರೆ ಸಾಕು ಎಂದು ಅವಳಿಗೆ ಹೇಳಿದೆ. ಮನೆಗೆ ಹೋಗಿ ವಹಿಯ ಅತಿ ಗಟ್ಟಿ ಪುಟಗಳನ್ನು ಬಾಯಿಪಾಠ ಮಾಡಿಕೊಂಡೆ. ಈಗ ಹುಡುಗರಿಗೆ ಭೂಗೋಳದ ರುಚಿ ಹತ್ತಿದೆ, ನನ್ನ ಬಾಯಿಂದಲೂ ಕೇಳುತ್ತಾರೆ ಎಂದು ನನ್ನ ಲೆಕ್ಕ.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷೆ ಡಾಕ್ಟರ್ ಇಂದುಮತಿ ಕೊಪ್ಪರದ, ಮಿಕ್ಕ ಇಬ್ಬರು ಅವರು ತಲೆಯಾಡಿಸಿದಾಗ ತಲೆಯಾಡಿಸುವವರು. ಮೂವರೂ ಬೆಂಚುಗಳು ಸುಮ್ಮನಿರುವ ದೊಡ್ಡ ಊರಿನವರು. ಬೆಳಿಗ್ಗೆಯಿಂದ ಒಂದೊಂದೇ ತರಗತಿ ನೋಡಿ, ಶಾಲು ಹೊದ್ದ ಹುಡುಗನನ್ನೂ ನೋಡಿ, ಅವರ ಮುಖದಲ್ಲಿ ಮೋಡ ಕವಿದಿತ್ತು. ನನ್ನ ತರಗತಿಗೆ ಬಂದಾಗ ಪ್ರಿನ್ಸಿಪಾಲರು ಕುರ್ಚಿ ಹಾಕಿಸುವಷ್ಟರಲ್ಲಿ ಮೇಡಂ ತಮಗೆ ಹಿಂದೆ ಕೂತು ನೋಡುವುದೇ ರೂಢಿ ಎಂದು ಹೇಳಿ ನೇರವಾಗಿ ಕೊನೆಯ ಬೆಂಚಿಗೆ ಹೋಗಿ ಕೂತರು, ಮಿಕ್ಕ ಇಬ್ಬರೂ ಅವರ ಪಕ್ಕದಲ್ಲಿ ಕೂತರು. ಅದು ಗೇಟಿನಿಂದ ಇಪ್ಪತ್ತನಾಲ್ಕು ಅಡಿ. ಹುಸೇನಸಾಬ ಪದ್ಧತಿಯಂತೆ ಟೇಪು ಹಿಡಿದು ಬೆಂಚಿನ ಪಕ್ಕದಲ್ಲಿ ನಿಂತ.

ನಾನು ವೇದಿಕೆ ಹತ್ತಿ, ಗಂಟಲು ಸರಿಮಾಡಿಕೊಂಡು, ವಾಯುಮಂಡಲದ ಒತ್ತಡ ಪಟ್ಟಿಗಳನ್ನು ಆರಂಭಿಸಿದೆ. ಎರಡು ವಾಕ್ಯ ಮುಗಿದಿರಲಿಲ್ಲ, ಬೆಂಚುಗಳು ಹೊರಟವು. ಎಂದಿನ ಬೆರಳಳತೆಯ ಮರ್ಯಾದೆ ಇರಲಿಲ್ಲ. ಒಮ್ಮೆ ತಿಳಿದುಕೊಂಡು ರುಚಿ ನೋಡಿದ ತರಗತಿ ತಿಳಿಯದ್ದನ್ನು ಈಗ ಒಂದು ಗಳಿಗೆಯೂ ತಡೆಯುವುದಿಲ್ಲ ಎನ್ನುವುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಹುಡುಗರು ಕಾಲು ಎತ್ತಿಕೊಂಡು ನಿರ್ವಿಕಾರವಾಗಿ ಬರೆಯುತ್ತ ಹಿಂದೆ ಹೋದರು. ಕಾಲು ಎತ್ತುವ ಅಭ್ಯಾಸವಿಲ್ಲದ ಸಮಿತಿಯವರ ಚಪ್ಪಲಿಗಳು ನೆಲದಲ್ಲಿ ಗೀರಿಕೊಂಡು ಹೋದವು. ಮೇಡಂ ಅವರ ಒಂದು ಚಪ್ಪಲಿ ಕಳಚಿ ಅಂಗಳದ ನಡುವೆ ಉಳಿಯಿತು. ಹುಸೇನಸಾಬ ಬೆಂಚಿನ ಜೊತೆಗೇ ನಡೆಯುತ್ತ ಅಡಿಗಳನ್ನು ಹೇಳುತ್ತಿದ್ದ. ಹದಿನೆಂಟು. ಹದಿನಾಲ್ಕು. ಹತ್ತು. ನಾನು ಹೆದರಿ ಇನ್ನೂ ಬೇಗ ಓದಿದೆ, ಬೆಂಚುಗಳು ಇನ್ನೂ ಬೇಗ ಹೋದವು. ಪಾಠ ಮುಗಿಸಿಬಿಟ್ಟರೆ ನಿಂತಾವು ಎಂದುಕೊಂಡು ವಹಿ ಮುಚ್ಚಿ ನನ್ನ ಕೊನೆಯ ಆಸರೆಯ ಮಾತು ಹೇಳಿದೆ.

"ತಿಳೀತೇನು?"

"ತಿಳೀತ್ರಿ ಸರ," ಎಂದು ಇಡೀ ತರಗತಿ ಹೇಳಿತು. ಪಾಪ, ಅವರು ನನ್ನನ್ನು ಉಳಿಸಲೆಂದೇ ಹೇಳಿದ್ದು. ಬೆಂಚುಗಳು ಒಂದೇ ಜಿಗಿತಕ್ಕೆ ಐದು ಅಡಿ ಹಾರಿದವು. ಹುಸೇನಸಾಬನಿಗೆ ಐದು ಎನ್ನಲು ಬಾಯಿ ಬರಲಿಲ್ಲ, ಕೈಯ ಐದು ಬೆರಳು ತೋರಿಸಿದ. ಗೌರವ್ವ ಬಾಣಲೆ ಕೆಳಗಿಳಿಸಿ ಎದ್ದು ನಿಂತಳು. ಗ್ರಂಥಾಲಯದ ಕಿಟಕಿಯಲ್ಲಿ ಗಿಡ್ನವರ ಸರ ಕಂಡರು. ನೂರು ಅಡಿಗೂ ಆಚೆ ನನ್ನ ಇಪ್ಪತ್ತೆರಡು ವರ್ಷ ಗೇಟಿನ ಹೊಸ್ತಿಲ ಮೇಲಿತ್ತು, ನಡುವೆ ಸುಣ್ಣದ ವೃತ್ತದಲ್ಲಿ ಫಕೀರವ್ವ ನಾನು ಹೇಳಿದಂತೆಯೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತರಗತಿಯಲ್ಲಿ ತಿಳೀತು ಎನ್ನದೆ ಇದ್ದವಳು ಅವಳೊಬ್ಬಳೇ.

"ಫಕೀರವ್ವಾ, ನಿನಗ?" ಎಂದು ಕೇಳಿದೆ.

"ಇಲ್ರಿ ಸರ."

ಬೆಂಚುಗಳು ನಿಂತವು.

ನಾನು ವಹಿಯನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದೆ. ಖಾಲಿ ಕೋಣೆ ದಾಟಿ, ಬೇವಿನ ಮರ ದಾಟಿ, ಕೈಪಂಪಿನ ಬಳಿಗೆ ಬಂದೆ. ನಾಚಿಕೆಯಾಗುತ್ತಿತ್ತು. ನಿನ್ನೆ ನೀನು ಕೇಳಿದ್ದನ್ನು ಇನ್ನೊಮ್ಮೆ ಕೇಳು ಎಂದೆ. ಅವಳು ಕೇಳಿದಳು, ಅವಳ ಗಂಟಲಿನಲ್ಲಿ ಅದು ಗೇಟಿನಾಚೆಗೂ ಕೇಳಿಸಿತು: ನಮ್ಮೂರು ಗುಡ್ಡದ ಯಾವ ಕಡೆ ಐತ್ರಿ ಸರ? ನಾನು ಎಲ್ಲರಿಗೂ ಕೇಳುವಂತೆ, ನನಗಿರುವಷ್ಟು ದನಿಯಲ್ಲಿ ಉತ್ತರ ಕೊಟ್ಟೆ.

"ನನಗ ಗೊತ್ತಿಲ್ಲವ್ವಾ. ಬಂದು ಇಪ್ಪತ್ತೆರಡು ವರ್ಷ ಆತು, ನಾ ನೋಡೇ ಇಲ್ಲ."

ನಮ್ಮ ಕಾಲೇಜಿನಲ್ಲಿ ಪ್ರಾಧ್ಯಾಪಕನೊಬ್ಬ ಈ ಮಾತು ಆಡಿದ್ದು ಅದೇ ಮೊದಲು. ಪ್ರಿನ್ಸಿಪಾಲರು ಹಣೆ ಮುಟ್ಟಿಕೊಂಡರು. ಆಮೇಲೆ ಎಂಟನೆಯ ಬೆಂಚಿನಿಂದ ಇಡೀ ವರ್ಷ ನನ್ನ ಮುಂದೆ ಒಂದು ಮಾತೂ ಆಡದಿದ್ದ ಇಟ್ಟಂಗಿ ಭಟ್ಟಿಯವರ ದ್ಯಾಮಣ್ಣ ಎದ್ದು, ತನ್ನ ಅಪ್ಪ ಹಸಿ ಇಟ್ಟಂಗಿಗೆ ಮೊದಲು ತಾಡಪತ್ರಿ ಹೊದಿಸುವುದು ಕೆರೆಯ ಕಡೆಯಿಂದ, ಯಾಕೆಂದರೆ ಮೊದಲ ಮಳೆ ಯಾವತ್ತೂ ಆ ಕಡೆಯಿಂದಲೇ ಬರುತ್ತದೆ ಎಂದ. ಅಗಸರ ಓಣಿಯ ಹುಡುಗಿಯೊಬ್ಬಳು ಅದನ್ನು ಒಪ್ಪಲಿಲ್ಲ. ಆಷಾಢದಲ್ಲಿ ಕೆರೆಯ ಕಡೆ ಹಾಕಿದ ಬಟ್ಟೆಯೇ ಮೊದಲು ಒಣಗುತ್ತದೆ, ತಮ್ಮವ್ವ ಅದಕ್ಕೇ ಅಲ್ಲಿ ಹಗ್ಗ ಕಟ್ಟುತ್ತಾಳೆ ಎಂದಳು. ಹಾಗಾದರೆ ಜೂನ್‌ನಲ್ಲಿ ನಮ್ಮ ಗಿರಣಿಯ ಹಿಟ್ಟಿನ ಧೂಳು ಪ್ರತಿವರ್ಷ ಅದೇ ಪೂಜಾರರ ಬಾಗಿಲಿಗೆ ಹೋಗಿ ಬೀಳುವುದೇಕೆ ಎಂದು ಫಕೀರವ್ವ ಕೇಳಿದಳು. ಪೂಜಾರರ ಹುಡುಗ, ಆ ಧೂಳಿಗಾಗಿ ಎರಡು ಮನೆಗೂ ಮಾತು ನಿಂತಿದೆ, ಈಗಲಾದರೂ ಅದು ಗಾಳಿಯ ತಪ್ಪೆಂದು ಬಗೆಹರಿಯಲಿ ಎಂದ. ಗೌರವ್ವ ಗೇಟಿನಾಚೆಯಿಂದಲೇ, ತನ್ನ ಒಲೆಯ ಹೊಗೆ ಮಳೆಗಾಲದಲ್ಲಿ ಯಾವ ಕಡೆ ಬಾಗುತ್ತದೆಂದು ತನ್ನನ್ನು ಯಾರೂ ಕೇಳುವುದಿಲ್ಲವಲ್ಲ ಎಂದು ಗೊಣಗಿದಳು. ಕೇಳಿದೆವು. ಅವಳು ಹೇಳಿದಳು.

ಬೆಂಚುಗಳು ಸದ್ದಿಲ್ಲದೆ ಬರುತ್ತಿದ್ದವು. ಫಕೀರವ್ವ ಪ್ರಿನ್ಸಿಪಾಲರ ಕೈಯಿಂದ ಸುಣ್ಣದ ಡಬ್ಬಿ ಇಸಿದುಕೊಂಡು ವೃತ್ತದ ಸುತ್ತ ನೆಲದ ಮೇಲೆ ಕೆರೆ ಬರೆದಳು, ಭಟ್ಟಿ ಬರೆದಳು, ಹಿಟ್ಟಿನ ಧೂಳು ಹಾರುವ ದಾರಿಗೆ ಬಾಣ ಹಾಕಿದಳು. ಎಲ್ಲಿ ಏನು ಬರಬೇಕೆಂದು ನಾಲ್ಕೂ ಕಡೆಯಿಂದ ಕೂಗಿ ಹೇಳುತ್ತಿದ್ದರು. ಗುಡ್ಡದ ಗೆರೆ ಎಲ್ಲಿ ತಿರುಗುತ್ತದೆ ಎನ್ನುವಲ್ಲಿಗೆ ಬಂದಾಗ ವ್ಯಾಜ್ಯವಾಯಿತು. ಅರ್ಧ ಊರು ಈ ಕಡೆಗೂ ಅರ್ಧ ಊರು ಆ ಕಡೆಗೂ ಇರಬಹುದೇ ಎಂದು ಯಾರೋ ಕೇಳಿದರು. ನನ್ನ ಎದೆ ಏಳನೆಯ ಇಯತ್ತೆಯ ಹುಡುಗನದಾಗಿತ್ತು. ನಮ್ಮೂರಿನ ನಕಾಶೆ ನನ್ನ ಕಣ್ಣೆದುರಿಗೇ ಮೂಡುತ್ತಿತ್ತು, ಅದರಲ್ಲಿ ನಾನು ಬರೆದ ಒಂದು ಗೆರೆಯೂ ಇರಲಿಲ್ಲ. ಇಷ್ಟು ದಿನ ಉರಿದ ಹೊಟ್ಟೆಗೆ ಅದೇಕೋ ತಂಪೆನಿಸಿತು. ಇಡಿಯಾಗಿ ಕಾಣಲಿ ಎಂದು ಬೆಂಚುಗಳ ಸಾಲು ದಾಟಿ ಗೇಟಿನ ಕಡೆಗೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋದೆ, ಮೊಣಕಾಲ ಹಿಂಭಾಗಕ್ಕೆ ಏನೋ ತಗುಲಿತು. ಕೊನೆಯ ಬೆಂಚು. ಇಂದುಮತಿ ಮೇಡಂ ಕುತ್ತಿಗೆ ಚಾಚಿ ನಕಾಶೆ ನೋಡುತ್ತಲೇ ಒಂದಿಷ್ಟು ಸರಿದು ನನಗೆ ಜಾಗ ಮಾಡಿದರು. ನಾನು ಕೂತೆ.

ಅವರ ವರದಿ ಒಂದು ತಿಂಗಳ ಮೇಲೆ ಬಂತು. ಭೂಗೋಳ ಮುಂದುವರಿಯಲಿ ಎಂದಿತ್ತು, ಕಳೆದುಹೋದ ಒಂದು ಚಪ್ಪಲಿಯ ಪ್ರಸ್ತಾಪವೂ ಇತ್ತು. ಅದೆಲ್ಲ ಆಮೇಲಿನ ಮಾತು. ಅವತ್ತು ನಾನು ಕೂತೊಡನೆ ದ್ಯಾಮಣ್ಣ ಗುಡ್ಡದ ಬಗ್ಗೆ ಇನ್ನೇನೋ ಹೇಳಿದ. ಅದು ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ, ತಿಳಿಯಲೇಬೇಕೆನಿಸಿತು. ಆಗ ನನ್ನ ಕೆಳಗೆ ಬೆಂಚು ಅಲುಗಿತು. ಹುಸೇನಸಾಬ ಟೇಪು ಎಳೆಯುತ್ತ ಹಿಂದೆ ಹಿಂದೆಯೇ ಬರುತ್ತಿದ್ದ, ಇಪ್ಪತ್ತು, ಮೂವತ್ತು, ನಲವತ್ತು ಎಂದು ಗಂಟಲು ಬಿಟ್ಟು ಸಾರುತ್ತಿದ್ದ, ಕೊನೆಗೆ ಟೇಪೇ ಮುಗಿಯಿತು ಎಂದ. ನನ್ನ ಬೂಟುಗಳು ನೆಲದಲ್ಲಿ ಗೀರಿಕೊಂಡು ಎರಡು ಗೆರೆ ಬಿಡುತ್ತ ಬರುತ್ತಿದ್ದವು. ಕೈಪಂಪಿನ ಬಳಿ ಸುಣ್ಣದ ಕೈಯಲ್ಲಿ ನಿಂತಿದ್ದ ಫಕೀರವ್ವ ತಲೆಯೆತ್ತಿ ನೋಡಿದಳು.

"ಸರ," ಎಂದಳು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ, "ಕಾಲು ಎತ್ತಿ ಕುಂಡರ್ರಿ."

ನಾನು ಎರಡೂ ಕಾಲು ಎತ್ತಿದೆ.